ತಿಮ್ಮಪ್ಪಗೌಡರಿಗೆ ತೊಂಬತ್ತಾರು ಪ್ರಶ್ನೆ

“ಮನೇಲಿ ಪಾರಿವಾಳ ಸಾಕಿದೀರಾ?” ಎಂದು ಡಾಕ್ಟರ್ ಪಂಚಮಿ ಕೇಳಿದರು.

ತಿಮ್ಮಪ್ಪಗೌಡರು ಪಕ್ಕದ ಕುರ್ಚಿಯಲ್ಲಿದ್ದ ಬೀಗರ ಮುಖ ನೋಡಿದರು, ಆಮೇಲೆ ಹೆಂಡತಿಯ ಮುಖ ನೋಡಿದರು, ಕೊನೆಗೆ ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ತಿರುಗಿ, “ಇವ್ರಿಗೆ ಸ್ವಲ್ಪ ಹೇಳಿ ತುಂಗಮ್ಮ. ಕೆಮ್ಮು ನಂಗೆ, ಪಾರಿವಾಳಕ್ಕಲ್ಲ” ಎಂದರು.

“ಕೇಳ್ತಿರೋದು ನಾನಲ್ಲ ಗೌಡ್ರೇ, ಈ ಕಂಪ್ಯೂಟರು. ಇದ್ಯೋ ಇಲ್ವೋ ಹೇಳಿ,” ಎಂದರು ಪಂಚಮಿ.

“ಇಲ್ಲ.”

“ಗಿಳಿ?”

“ಇಲ್ಲ ಮಾರಾಯ್ರೆ.”

“ಕಲ್ಲಿದ್ದಲ ಗಣೀಲಿ ಕೆಲಸ ಮಾಡಿದ್ರಾ?”

ಬೀಗರಾದ ಚಿಕ್ಕಯ್ಯಗೌಡರಿಗೆ ನಗು ತಡೆಯಲಾಗಲಿಲ್ಲ. “ಹೇಳಿ ಬೀಗ್ರೇ, ಎಲ್ಲಿಟ್ಟಿದೀರಿ ಗಣಿ? ನಮಗೂ ಒಂದು ಪಾಲಿರ್ಲಿ.”

ತೊಂಬತ್ತಾರು ಪ್ರಶ್ನೆಗಳಲ್ಲಿ ಅದು ಮೂವತ್ತೊಂದನೆಯದು. ಅಷ್ಟು ಹೊತ್ತಿಗೆ ಎರಡು ಸಲ ಮೊದಲಿನಿಂದ ಶುರು ಮಾಡಿಯಾಗಿತ್ತು. ಆಸ್ಪತ್ರೆಗೆ ಇದ್ದದ್ದು ಒಂದೇ ಟೆಲಿಫೋನ್ ಲೈನು. ಕಂಪ್ಯೂಟರು ಅದರ ಮೇಲೆಯೇ ನಡೆಯಬೇಕು. ಹೊರಗೆ ಚೀಟಿ ಕೊಡುವ ಕೌಂಟರಿನಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ಸಾಕು, ನಮ್ಮಲ್ಲಿ ಎಲ್ಲವೂ ಕಡಿದುಹೋಗುತ್ತಿತ್ತು. ಮತ್ತೆ ಆ ಕೀರಲು ಶಬ್ದ, ಮತ್ತೆ ಹೆಸರು, ಮತ್ತೆ ವಯಸ್ಸು, ಮತ್ತೆ “ಗಂಡೋ ಹೆಣ್ಣೋ”. ಗಂಡೋ ಹೆಣ್ಣೋ ಎಂದು ಮೂರನೆಯ ಸಲ ಕೇಳಿದಾಗ ಗೌಡರು, “ಈಗಲೂ ಗಂಡೇ, ಬರ್ಕೊಳ್ಳಿ” ಎಂದಿದ್ದರು.

ಮೂಡಿಗೆರೆಯ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ಲೈಬ್ರರಿ ಎಂದರೆ ಔಷಧದ ಅಂಗಡಿಯ ಹಿಂದಿನ ಒಂದು ಕೋಣೆ. ಎರಡು ಬೀರು ಹಳೆಯ ಪುಸ್ತಕ, ಒಂದು ಮೇಜು, ಮೇಲೊಂದು ಕಂಪ್ಯೂಟರ್. ನಾನು ಅಲ್ಲಿನ ಆಯಾ, ಕೋಣೆಯ ಬೀಗದಕೈ ನನ್ನ ಸೊಂಟದಲ್ಲಿ ಇರುತ್ತಿತ್ತು. ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿನ ಲೈಬ್ರರಿಯವರು ನಮ್ಮ ಆಸ್ಪತ್ರೆಗೆ ಒಂದು ತಿಂಗಳ ಮಟ್ಟಿಗೆ ತಮ್ಮ ಬಾಗಿಲು ತೆರೆದಿದ್ದರು. ಅಂದರೆ, ಪ್ರಪಂಚದ ಡಾಕ್ಟರುಗಳು ಬರೆದದ್ದನ್ನೆಲ್ಲ ಈ ಮೇಜಿನ ಮುಂದೆ ಕೂತೇ ಹುಡುಕಬಹುದು. ರೋಗಿಯ ಲಕ್ಷಣ ತುಂಬಿಸಿದರೆ ಇಂಥಿಂಥ ಕಾಯಿಲೆ ಇರಬಹುದು ಎಂದು ಪಟ್ಟಿ ಕೊಡುವ ಒಂದು ಪುಟವೂ ಇತ್ತು. ಇಷ್ಟವಾದರೆ ಮುಂದೆ ಚಂದಾ ಕಟ್ಟಿ ಮುಂದುವರಿಸಬೇಕು. ಆದರೆ ಒಳಗೆ ಹೋಗಲು ಬೇಕಾದ ಗುಟ್ಟಿನ ಪದವನ್ನು ಅವರು ಅಂಚೆಯಲ್ಲಿ ಕಳಿಸಿದರು. ಅದು ತಪ್ಪಾಗಿತ್ತು. ಸರಿಯಾದದ್ದು ಬರುವಷ್ಟರಲ್ಲಿ ಹತ್ತೊಂಬತ್ತು ದಿನ ಕಳೆದಿತ್ತು. ಉಳಿದ ಹನ್ನೊಂದು ದಿನದಲ್ಲಿ ನಾಲ್ಕು ದಿನ ಲೈನು ಸತ್ತಿತ್ತು. ಕೊನೆಯ ದಿನ ಮೇ ಹದಿನೈದು, ಶನಿವಾರ. ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತದೆ. ನಾನು ಹೇಳುತ್ತಿರುವುದು ಆ ಶನಿವಾರದ ಕಥೆ.

ತಿಮ್ಮಪ್ಪಗೌಡರ ತೋಟ ಕಳಸದ ದಾರಿಯಲ್ಲಿ. ಏಳು ಎಕರೆ ಕಾಫಿ, ನಡುವೆ ಅಡಿಕೆ, ಮೆಣಸು. ಎರಡು ವರ್ಷದಿಂದ ಕೆಮ್ಮು, ಏರು ಹತ್ತಿದರೆ ಉಸಿರು ಸಿಕ್ಕುವುದಿಲ್ಲ, ಮೈ ಇಳಿದಿತ್ತು. ಎಕ್ಸ್‌ರೇಯಲ್ಲಿ ಎದೆಯ ಮೇಲ್ಭಾಗದಲ್ಲಿ ಬಿಳಿ ಕಲೆ ಕಂಡಿದ್ದರಿಂದ ಟಿ.ಬಿ. ಎಂದು ಆರು ತಿಂಗಳು ಮಾತ್ರೆ ಕೊಟ್ಟರು. ಕಫದಲ್ಲಿ ಮೂರು ಸಲವೂ ಏನೂ ಸಿಕ್ಕಿರಲಿಲ್ಲ. ಮಾತ್ರೆ ನುಂಗಿ ನುಂಗಿ ಗೌಡರ ಕಣ್ಣು ಹಳದಿಯಾಯಿತೇ ಹೊರತು ಕೆಮ್ಮು ಹೋಗಲಿಲ್ಲ. ಈಗ ದೊಡ್ಡ ಡಾಕ್ಟರ್ ಗಿರಿಜಾಂಬಾ ಅವರು ಎರಡನೆಯ ಸುತ್ತಿನ ಔಷಧಿ ಬರೆದಿದ್ದರು. ಸೋಮವಾರದಿಂದ ಎರಡು ತಿಂಗಳು ಸೊಂಟಕ್ಕೆ ಇಂಜೆಕ್ಷನ್. ಅದು ಕೆಲವರ ಕಿವಿಯನ್ನು ಹಾಳು ಮಾಡುತ್ತದೆ, ಗೌಡರಿಗೋ ಆಗಲೇ ಒಂದು ಕಿವಿ ಮಂದ. ಲಿವರು ಇನ್ನೊಂದು ಸುತ್ತನ್ನು ತಡೆಯುತ್ತದೋ ಇಲ್ಲವೋ ಎಂಬ ಹೆದರಿಕೆ ಬೇರೆ. ಟಿ.ಬಿ.ಯೇ ಆಗಿದ್ದರೆ ಬೇರೆ ದಾರಿಯಿಲ್ಲ. ಆಗಿರದಿದ್ದರೆ?

ಆ “ಆಗಿರದಿದ್ದರೆ” ಪಂಚಮಿ ಡಾಕ್ಟರ ತಲೆಗೆ ಹುಳದಂತೆ ಹೊಕ್ಕಿತ್ತು. ಹೊರನಾಡು ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಎಂಟು ತಿಂಗಳು. ಅದಕ್ಕೇ ಗೌಡರನ್ನು ಶನಿವಾರ ಲೈಬ್ರರಿಗೇ ಕರೆಸಿದ್ದರು. ಕರೆಸಿದ್ದು ಒಬ್ಬರನ್ನು, ಬಂದವರು ಮೂವರು. ನಮ್ಮ ಕಡೆ ಆಸ್ಪತ್ರೆಗೆ ಯಾರು ತಾನೇ ಒಬ್ಬರೇ ಬರುತ್ತಾರೆ? ಹೆಂಡತಿ ರಂಗಮ್ಮ ಸರಿ. ಜೀಪು ತಂದಿದ್ದ ಚಿಕ್ಕಯ್ಯಗೌಡರೂ ಒಳಗೇ ಬಂದು ಕೂತರು. ಗೌಡರ ಮಗಳು ಧನ್ಯಾಳನ್ನು ಅವರ ಮಗನಿಗೆ ಮಾತಾಡಿತ್ತು. ಟಿ.ಬಿ. ಅಂದ ಮೇಲೆ ನಿಶ್ಚಿತಾರ್ಥ ಮುಂದಕ್ಕೆ ಹೋಗಿತ್ತು. ಬೀಗರು ಕೆಟ್ಟವರಲ್ಲ, ಆದರೆ ಕಾಯಿಲೆ ಏನೆಂದು ತಮ್ಮ ಕಿವಿಯಲ್ಲೇ ಕೇಳಬೇಕಿತ್ತು.

“ನಲವತ್ತನಾಲ್ಕು,” ಎಂದರು ಪಂಚಮಿ. “ತೋಟಕ್ಕೆ ಔಷಧಿ ಹೊಡೀತೀರಾ? ಪಂಪಿಂದ?”

ಗೌಡರು ಪಂಚೆಯ ಅಂಚು ಸರಿ ಮಾಡಿಕೊಂಡರು. “ಅದಕ್ಕೆಲ್ಲ ಆಳಿದ್ದಾರೆ.”

“ನೀವು ಹತ್ರ ನಿಲ್ಲಲ್ವಾ?”

“ದೂರದಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ. ನಮ್ಮಲ್ಲಿ ಹತ್ತು ಆಳು.”

“ಹತ್ತು ಆಳಿದ್ದಾರೆ ಅವ್ರಲ್ಲಿ,” ಎಂದು ಚಿಕ್ಕಯ್ಯಗೌಡರೂ ಸಾಕ್ಷಿ ಹೇಳಿದರು.

ಪಂಚಮಿ “ಇಲ್ಲ” ಎಂಬಲ್ಲಿ ಒತ್ತಿದರು. ರಂಗಮ್ಮ ಎದ್ದು, “ಕುಡಿಯೋಕೆ ನೀರೆಲ್ಲಿ ಸಿಗುತ್ತೆ?” ಎಂದು ಬಾಟಲಿ ಹಿಡಿದು ಹೊರಗೆ ಹೋದರು. ಅವರ ಬಾಟಲಿಯಲ್ಲಿ ಕುತ್ತಿಗೆಯವರೆಗೆ ನೀರಿತ್ತು. ನಾನು ನಲ್ಲಿ ತೋರಿಸುವವಳಂತೆ ಹಿಂದೆಯೇ ಹೋದೆ.

ನಲ್ಲಿಯ ಕಟ್ಟೆಯ ಹತ್ತಿರ ಅವರು ಬಾಟಲಿಯ ನೀರನ್ನೆಲ್ಲ ಚೆಲ್ಲಿ ಮತ್ತೆ ಹಿಡಿಯಲು ಶುರು ಮಾಡಿದರು.

“ಎಂತ ರಂಗಮ್ಮ?” ಎಂದೆ.

“ಎಂತ ಅಂತ ಹೇಳ್ಲಿ ತುಂಗಕ್ಕ. ಹತ್ತು ಆಳಂತೆ! ಒಬ್ಬ ಬಂದ್ರೆ ಅವತ್ತು ನಮ್ಮನೇಲಿ ಹಬ್ಬ. ಮೈಲುತುತ್ತ ಕರಗ್ಸೋದು ಇವ್ರು, ಸುಣ್ಣ ಸೋಸೋದು ನಾನು. ಪಂಪು ತುಳಿಯೋದು ನಾನು, ದೋಟಿ ಹಿಡಿದು ಹೊಡೆಯೋದು ಇವ್ರು. ಕಾಫಿಗೊಂದು ಸಲ, ಅಡಿಕೆಗೆ ಎರಡು ಸಲ, ಮೆಣಸಿಗೊಂದು ಸಲ. ಮೇಲೆ ನೋಡ್ಕೊಂಡು ಹೊಡೀತಾರಲ್ಲ, ಎಲ್ಲಾ ಮುಖದ ಮೇಲೇ ಬೀಳುತ್ತೆ. ರಾತ್ರಿ ಉಗುಳಿದ್ರೆ ಹಸಿರು.”

“ಮತ್ತೆ ಅಲ್ಲಿ ಬಾಯಿ ಬಿಡೋಕೆ ಏನಾಗಿತ್ತು?”

“ಬೀಗರು ಕೂತಿದ್ದಾರಲ್ಲ! ಮಾತುಕತೆ ದಿನ ಹತ್ತು ಆಳಿದ್ದಾರೆ ಅಂದುಬಿಟ್ಟಿದ್ದಾರೆ. ನಾನೂ ಹೇಳಿ ನೋಡಿದೆ. ಕಾಯಿಲೆ ಯಾರಿಗೆ ಬೇಕಾದ್ರೂ ಬರುತ್ತೆ, ತಾನೇ ಪಂಪು ಹೊತ್ತ ಗೌಡ ಅಂದ್ರೆ ಮರ್ಯಾದೆ ಹೋಗುತ್ತೆ ಅಂತಾರೆ.”

ನನಗೆ ಆ ನಲ್ಲಿಯನ್ನೇ ಕಿತ್ತು ಎಸೆಯುವಷ್ಟು ಸಿಟ್ಟು ಬಂತು. ಟಿ.ಬಿ. ಎಂದು ಮಗಳ ಮದುವೆ ನಿಂತಿದೆ. ಟಿ.ಬಿ. ಅಲ್ಲ ಅನ್ನಿಸಬಹುದಾದ ಮಾತನ್ನು ಈ ಮನುಷ್ಯ ಅದೇ ಮದುವೆಗಾಗಿ ಮುಚ್ಚಿಡುತ್ತಿದ್ದಾನೆ. ಬಾಟಲಿ ತುಂಬಿತು, ಒಳಗೆ ಬಂದೆವು.

ಒಳಗೆ ತೊಂಬತ್ತಾರೂ ಮುಗಿದು ಪಟ್ಟಿ ಬಂದಿತ್ತು. ಮೊದಲನೆಯದು ಟಿ.ಬಿ.

“ಅಷ್ಟೇ ಅಲ್ವಾ?” ಎಂದು ಗೌಡರು ಎದ್ದರು. “ಇದನ್ನ ಹೇಳೋಕೆ ಪಾರಿವಾಳ, ಗಿಳಿ ಎಲ್ಲಾ ಬೇಕಿತ್ತಾ?”

“ಸ್ವಲ್ಪ ಹೊರಗೆ ಬೆಂಚಿನ ಮೇಲಿರಿ,” ಎಂದರು ಪಂಚಮಿ, ಕಣ್ಣು ಪರದೆಯ ಮೇಲೇ ಇಟ್ಟು.

ಅವರು ಹೋದ ಮೇಲೆ ನಾನು ಬಾಗಿಲು ಎಳೆದುಕೊಂಡು ರಂಗಮ್ಮ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಪಂಚಮಿ ಹಣೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಎಂಟು ತಿಂಗಳಲ್ಲಿ ಎಷ್ಟು ಸಲ ಕೇಳಿದೀನಿ ಗೊತ್ತಾ ತುಂಗಮ್ಮ, ಏನು ಕೆಲಸ ಮಾಡ್ತೀರಿ ಅಂತ? ತೋಟ ನೋಡ್ಕೋತೀನಿ, ತೋಟ ನೋಡ್ಕೋತೀನಿ! ನಮ್ಮ ದೊಡ್ಡಪ್ಪನೂ ಹೀಗೇ ಹೇಳ್ತಿದ್ರು.”

ನಲವತ್ತನಾಲ್ಕನೆಯದನ್ನು “ಹೌದು” ಮಾಡಿದರು. ಕಂಪ್ಯೂಟರು ಯೋಚಿಸಿ ಯೋಚಿಸಿ ಮತ್ತೆ ಪಟ್ಟಿ ಕೊಟ್ಟಿತು. ಮೊದಲನೆಯದು ಆಗಲೂ ಟಿ.ಬಿ. ಆ ಪುಟ ಮಾಡಿದವರಿಗೆ ಔಷಧಿ ಹೊಡೆಯುವುದೆಂದರೆ ಕೀಟನಾಶಕ, ವಾಂತಿ, ತಲೆಸುತ್ತು. ಮೈಲುತುತ್ತ, ಅಂದರೆ ತಾಮ್ರದ ಆ ನೀಲಿ ಉಪ್ಪು, ಅವರ ಲೆಕ್ಕದಲ್ಲೇ ಇರಲಿಲ್ಲ.

“ಇದಕ್ಕಿಂತ ನಮ್ಮ ಔಷಧದ ಅಂಗಡಿ ಸುಬ್ಬಣ್ಣ ಚೆನ್ನಾಗಿ ಹೇಳ್ತಾನೆ,” ಎಂದು ಅದನ್ನು ಮುಚ್ಚಿ, ಹುಡುಕುವ ಪುಟಕ್ಕೆ ಹೋದರು. ಶ್ವಾಸಕೋಶ, ತಾಮ್ರ, ಸಿಂಪಡಣೆ. ಮೂರೇ ಪದ, ಇಂಗ್ಲಿಷಿನಲ್ಲಿ. ಗಂಟೆ ನಾಲ್ಕೂ ಇಪ್ಪತ್ತು. ಹೊರಗೆ ಗುಡುಗು ಶುರುವಾಗಿತ್ತು. ಪುಟ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು. ಅರ್ಧ ಇಳಿದಾಗ ಯಾರೋ ಫೋನು ಎತ್ತಿದರು. ಪಂಚಮಿ ಎದ್ದು ಹೋಗಿ ಕೌಂಟರಿನ ಫೋನನ್ನೇ ವೈರಿನಿಂದ ಕಿತ್ತು ಕಂಕುಳಲ್ಲಿಟ್ಟುಕೊಂಡು ಬಂದರು.

ಈ ಸಲ ಪುಟ ಪೂರ್ತಿ ಬಂತು. ಅವರು ಓದಿದರು, ಮತ್ತೆ ಓದಿದರು, ಆಮೇಲೆ ನನ್ನ ತೋಳು ಹಿಡಿದರು.

“ಇದೆ ತುಂಗಮ್ಮ! ದ್ರಾಕ್ಷಿ ತೋಟಕ್ಕೆ ಮೈಲುತುತ್ತ ಸುಣ್ಣ ಹೊಡೆಯೋರಂತೆ, ಯಾವುದೋ ದೇಶದಲ್ಲಿ. ವರ್ಷಗಟ್ಟಲೆ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ಕೂತಿದೆ. ನೀಲಿ ಕಲೆ. ಎಕ್ಸ್‌ರೇಲಿ ಟಿ.ಬಿ. ತರಾನೇ ಕಾಣುತ್ತಂತೆ. ಇದನ್ನ ಪ್ರಿಂಟ್ ಮಾಡಿ ದೊಡ್ಡ ಮೇಡಮ್‌ಗೆ…”

ಪ್ರಿಂಟರಿನ ರಿಬ್ಬನ್ ಒಣಗಿ ಎರಡು ವಾರವಾಗಿತ್ತು. ಕಾಗದ ಹೋಗಿ ಹಾಗೇ ಬಿಳಿಯಾಗಿ ಹೊರಗೆ ಬಂತು. ಅಷ್ಟರಲ್ಲಿ ನರ್ಸ್ ವಿಮಲಮ್ಮ ಓಡಿಬಂದು, “ಡಾಕ್ಟ್ರೇ, ಕೊಟ್ಟಿಗೆಹಾರದ ಹತ್ರ ಜೀಪು ಪಲ್ಟಿ, ನಾಲ್ಕು ಜನರನ್ನ ತಂದಿದ್ದಾರೆ” ಎಂದರು. ಪಂಚಮಿ ಹೊರಟೇ ಹೋದರು. ಬಾಗಿಲಿನಿಂದಲೇ, “ಅದನ್ನ ಮುಟ್ಟಬೇಡಿ, ಹಾಗೇ ಇರ್ಲಿ, ಬಂದೆ” ಎಂದು ಕೂಗಿದರು.

ಅವರು ಮೆಟ್ಟಿಲು ಇಳಿದಿರಲಿಕ್ಕಿಲ್ಲ, ಕರೆಂಟು ಹೋಯಿತು. ಮೇಜಿನ ಕೆಳಗಿನ ಕಪ್ಪು ಡಬ್ಬಿ ಕುಂಯ್ ಕುಂಯ್ ಎನ್ನತೊಡಗಿತು. ಅದರ ಬ್ಯಾಟರಿ ಹೆಚ್ಚೆಂದರೆ ಹತ್ತು ನಿಮಿಷ ಎಂದು ನನಗೆ ಗೊತ್ತಿತ್ತು. ಆಮೇಲೆ ಆ ಪುಟ ಇಲ್ಲ. ಐದು ಗಂಟೆಯ ಮೇಲೆ ಬಾಗಿಲೂ ಇಲ್ಲ.

ಮೇಜಿನ ಮೇಲಿದ್ದ ಆ ಬಿಳಿ ಕಾಗದವನ್ನೇ ತೆಗೆದುಕೊಂಡೆ. ರಾತ್ರಿ ಶಾಲೆಯಲ್ಲಿ ನನಗೆ ಇಂಗ್ಲಿಷಿನ ಅಕ್ಷರ ಕಲಿಸಿದ್ದರು. ಅಕ್ಷರ ಗೊತ್ತು, ಮಾತು ಗೊತ್ತಿಲ್ಲ. ಮೇಲಿನಿಂದ ಶುರು ಮಾಡಿ, ಒಂದೊಂದೇ ಅಕ್ಷರ ನೋಡುವುದು, ಬರೆಯುವುದು. ಪದ ಎಲ್ಲಿ ಮುಗಿಯುತ್ತದೆ, ಚುಕ್ಕೆ ಎಲ್ಲಿದೆ, ಕೆಳಗೆ ಬಾಲವಿರುವ ಚುಕ್ಕೆ ಎಲ್ಲಿದೆ, ಎಲ್ಲ ಇದ್ದ ಹಾಗೆ. ಲೇಖಕರ ಹೆಸರೂ ಬರೆದೆ, ಇಸವಿಯೂ ಬರೆದೆ. ಅಕ್ಕಿ ಆರಿಸುವಾಗ ಅವಸರ ಮಾಡಿದರೆ ಕಲ್ಲು ಉಳಿಯುತ್ತದಲ್ಲ, ಹಾಗೆಂದುಕೊಂಡು ನಿಧಾನ ಬಿಡಲಿಲ್ಲ. ಕೊನೆಯ ಎರಡು ಸಾಲು ಇರುವಾಗ ಪರದೆ ಕಪ್ಪಾಯಿತು. ಡಬ್ಬಿಯನ್ನು ಕಾಲಿನಿಂದ ಒದ್ದೆ. ಒದ್ದರೆ ಏನು ಬಂತು?

ಪಂಚಮಿ ಬಂದಾಗ ಐದೂವರೆ. ತೋಳಿನ ಮೇಲೆಲ್ಲ ರಕ್ತದ ಕಲೆ. ಕಪ್ಪು ಪರದೆ ನೋಡಿ ಅಲ್ಲೇ ಕುಸಿದು ಕೂತರು. ನಾನು ಕಾಗದ ಮುಂದಿಟ್ಟೆ. ಓದಿದರು. ಒಂದು ಕಡೆ ನಿಂತು, “ಇದು ಎಲ್ ಅಲ್ಲ, ಐ” ಎಂದರು. ಆಮೇಲೆ ಅದನ್ನು ಹಿಡಿದು ಸೀದಾ ದೊಡ್ಡ ಡಾಕ್ಟರ ಕೋಣೆಗೆ ನಡೆದರು. ನನಗೂ ಬನ್ನಿ ಎಂದರು.

ಗಿರಿಜಾಂಬಾ ಅವರು ಮೂವತ್ತು ವರ್ಷದಿಂದ ಈ ಭಾಗದ ಜನರ ಎದೆ ನೋಡಿದವರು. ಕನ್ನಡಕ ಏರಿಸಿ ಕಾಗದ ಓದಿದರು. “ಯಾರ ಕೈಬರಹ ಇದು?”

“ನಂದು ಅಮ್ಮ.”

“ಹೂಂ. ಇದರಲ್ಲಿ ಹೇಳಿರೋದು ದಿನಾ ಹೊಡೆಯೋರ ವಿಷಯ. ನಮ್ಮ ರೋಗಿ ಹೊಡೀತಾನೆ ಅಂತ ಅವನ ಫೈಲಲ್ಲಿ ಎಲ್ಲೂ ಇಲ್ಲ.”

“ಹೊಡೀತಾರಂತೆ ಮೇಡಮ್. ಅವರ ಹೆಂಡತಿ ತುಂಗಮ್ಮನ ಹತ್ರ…”

“ಹೆಂಡತಿ ತುಂಗಮ್ಮನಿಗೆ, ತುಂಗಮ್ಮ ನಿಂಗೆ, ನೀನು ನಂಗೆ. ಈ ದಾರೀಲಿ ಬಂದ ಮಾತಿನ ಮೇಲೆ ನಾನು ಟಿ.ಬಿ. ಔಷಧಿ ನಿಲ್ಲಿಸ್ಲಾ ಪಂಚಮಿ? ನಾಳೆ ಟಿ.ಬಿ.ಯೇ ಆಗಿ ಅವನು ಸತ್ರೆ? ಅವನ ಬಾಯಲ್ಲಿ ಬರ್ಲಿ. ಎಷ್ಟು ವರ್ಷ, ವರ್ಷಕ್ಕೆ ಎಷ್ಟು ದಿನ. ಬಂದ್ರೆ ಮಂಗಳೂರಿಗೆ ಬರೀತೀನಿ, ಒಳಗಿಂದ ಚೂರು ತೆಗೆದು ನೋಡ್ಲಿ. ಇಲ್ದಿದ್ರೆ ಸೋಮವಾರ ಇಂಜೆಕ್ಷನ್. ಕರೀರಿ.”

ಬಂದರು. ಮೂವರೂ ಬಂದರು. “ನೀವು ಹೊರಗಿರಿ” ಎಂದು ಪಂಚಮಿ ಚಿಕ್ಕಯ್ಯಗೌಡರಿಗೆ ಹೇಳಿ ನೋಡಿದರು. “ನಾನು ಬೇರೆಯವನಾ?” ಎಂದು ಅವರು ಕುರ್ಚಿ ಎಳೆದುಕೊಂಡರು.

“ತಿಮ್ಮಪ್ಪ,” ಎಂದರು ಗಿರಿಜಾಂಬಾ, “ಔಷಧಿ ಹೊಡೆಯೋದು ಯಾರು?”

“ಆಳುಗಳು ಅಮ್ಮ.”

“ಸರಿಯಾಗಿ ಹೇಳು. ಇದರ ಮೇಲೆ ನಿನ್ನ ಕಿವಿ ಇದೆ, ಲಿವರ್ ಇದೆ.”

“ಆಳುಗಳೇ ಅಮ್ಮ. ಸುಳ್ಳು ಯಾಕೆ ಹೇಳ್ಲಿ?”

ಗಿರಿಜಾಂಬಾ ಪೆನ್ನು ಕೈಗೆತ್ತಿಕೊಂಡರು. ಪಂಚಮಿ ಕಿಟಕಿಯ ಕಡೆ ತಿರುಗಿದರು. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ರಂಗಮ್ಮ ತಲೆ ಎತ್ತಿ ಮೆತ್ತಗೆ, “ಹೌದಮ್ಮ, ಆಳುಗಳೇ ಹೊಡೆದಿದ್ದು. ಅದಕ್ಕೇ ಹೋದ ವರ್ಷ ಅಷ್ಟೂ ಅಡಿಕೆಗೆ ಕೊಳೆರೋಗ ಬಂದಿದ್ದು” ಎಂದರು.

ಗೌಡರು ತಿರುಗಿ ನೋಡಿದರು. “ಯಾವ ಅಡಿಕೆಗೆ?”

“ನಮ್ಮದಕ್ಕೆ.”

“ನಮ್ಮದಕ್ಕೆ ಎಲ್ಲಿ ಬಂತು ಕೊಳೆ?”

“ಬಂತಲ್ಲ. ಆ ಆಳುಗಳಿಗೆ ಸುಣ್ಣದ ಹದ ಗೊತ್ತಿಲ್ಲ.”

“ಆಳು ಬೆರೆಸಿದ್ರೆ ಹಾಗೇ ಬೀಗ್ರೇ,” ಎಂದು ಚಿಕ್ಕಯ್ಯಗೌಡರು ಸಮಾಧಾನ ಹೇಳಿದರು. “ನಮ್ಮಲ್ಲೂ ಅರ್ಧ ಉದುರ್ತು. ಬೇಜಾರು ಮಾಡ್ಕೋಬೇಡಿ.”

“ನಿಮ್ಮಲ್ಲಿ ಉದುರಿರ್ಬೋದು!” ಗೌಡರ ದನಿ ಏರಿತು. “ನಮ್ಮ ತೋಟದಲ್ಲಿ ಒಂದು ಗೊನೆ ತೋರ್ಸಿ, ಒಂದೇ ಒಂದು ಗೊನೆ! ಕತ್ತಿ ಅದ್ದಿ ನೋಡದೆ ಒಂದು ಡ್ರಮ್ಮೂ ಹೊಡೆದೋನಲ್ಲ ನಾನು. ಕತ್ತಿಗೆ ಕೆಂಪು ಹತ್ತಿತು ಅಂದ್ರೆ ಸುಣ್ಣ ಕಮ್ಮಿ ಅಂತ, ಮತ್ತೆ ಹಾಕ್ಬೇಕು. ಆಳಿಗೇನು ಗೊತ್ತು ಅದು? ಹತ್ತೊಂಬತ್ತು ವರ್ಷ ಆಯ್ತು, ದೋಟಿ ಬೇರೆಯವರ ಕೈಗೆ ಕೊಟ್ಟಿಲ್ಲ…” ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಮೇಜು ಹಿಡಿದುಕೊಂಡರು. ಕೆಮ್ಮಿನ ನಡುವೆಯೇ ತಾವು ಹೇಳಿದ್ದು ಏನೆಂದು ಅವರಿಗೆ ಹೊಳೆದಿರಬೇಕು. ಕೆಮ್ಮು ನಿಂತ ಮೇಲೂ ತಲೆ ಎತ್ತಲಿಲ್ಲ.

ರಂಗಮ್ಮ ಸೆರಗಿನಿಂದ ಅವರ ಬಾಯಿ ಒರೆಸಿದರು.

“ವರ್ಷಕ್ಕೆ ಎಷ್ಟು ದಿನ?” ಎಂದರು ಗಿರಿಜಾಂಬಾ, ಏನೂ ಆಗದವರಂತೆ.

“ನಲವತ್ತು… ನಲವತ್ತೈದು.”

“ಮೂಗಿಗೆ ಬಟ್ಟೆ?”

“ಸೆಕೆ ಆಗುತ್ತೆ ಅಮ್ಮ.”

ಗಿರಿಜಾಂಬಾ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಎಂಟು ತಿಂಗಳು, ಪಂಚಮಿ. ಮೂರು ಕಫ, ನಾಲ್ಕು ಎಕ್ಸ್‌ರೇ, ಒಂದು ಸುತ್ತು ಮಾತ್ರೆ. ಈ ಒಂದು ಮಾತಿಗೆ!” ಸೋಮವಾರದ ಚೀಟಿಯ ಮೇಲೆ ಅಡ್ಡ ಗೆರೆ ಎಳೆದರು. ಮಂಗಳೂರಿಗೆ ಕಾಗದ ಬರೆದು, ನನ್ನ ಹಾಳೆಯನ್ನೂ ಅದಕ್ಕೆ ಪಿನ್ ಮಾಡಿದರು. “ಬುಧವಾರ ಹೋಗಿ ಸೇರ್ಕೋ.”

“ಬುಧವಾರವಾ?” ಗೌಡರು ಈಗ ತಲೆ ಎತ್ತಿದರು. “ಹದಿನೈದು ದಿನ ಬಿಟ್ಟು ಹೋದ್ರಾಗಲ್ವಾ ಅಮ್ಮ? ಮಳೆ ಹಿಡಿಯೋದ್ರೊಳಗೆ ಅಡಿಕೆಗೆ ಒಂದು ಸಲ ಹೊಡೆದು…”

ಪಂಚಮಿ ಬಾಗಿಲು ತೆಗೆದು ಹೊರಗೆ ಹೋಗಿಬಿಟ್ಟರು. ಕಾರಿಡಾರಿನಲ್ಲಿ ಏನನ್ನೋ ಗಟ್ಟಿಯಾಗಿ ಇಟ್ಟ ಸದ್ದಾಯಿತು.

ಚಿಕ್ಕಯ್ಯಗೌಡರು ಮಾತ್ರ ಬಹಳ ಹೊತ್ತಿನಿಂದ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. “ಜೀಪು ನಾನು ತರ್ತೀನಿ. ಬುಧವಾರ ಬೆಳಿಗ್ಗೆ ಐದಕ್ಕೆ,” ಎಂದರು. ಹತ್ತು ಆಳಿನ ವಿಷಯ ಅವರು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಿದ್ದನ್ನು ನಾನು ಕೇಳಿಲ್ಲ.

ಜೂನ್ ಮೊದಲ ವಾರ ಮಂಗಳೂರಿನ ವರದಿ ಬಂತು. ಟಿ.ಬಿ. ಇಲ್ಲ. ಒಳಗಿಂದ ತೆಗೆದ ಚೂರಿನಲ್ಲಿ ತಾಮ್ರ ಸಿಕ್ಕಿದೆ. ಪಂಚಮಿ ಗೌಡರ ಮನೆಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲಿದ್ದೆ. ಆ ಕಡೆಯವರು ಕಿರುಚುತ್ತಿದ್ದುದರಿಂದ ನನಗೂ ಎಲ್ಲ ಕೇಳಿಸುತ್ತಿತ್ತು.

“ಟಿ.ಬಿ. ಅಲ್ಲ ಗೌಡ್ರೇ. ಇಂಜೆಕ್ಷನ್ ಬೇಡ. ಆದ್ರೆ ಒಳಗೆ ಆಗಿರೋ ಗಾಯ ಪೂರ್ತಿ ಹೋಗಲ್ಲ. ಇನ್ನು ಪಂಪಿನ ಹತ್ರ ಹೋಗ್ಬಾರ್ದು. ಹೋದ್ರೆ ಉಳಿದಿದ್ದೂ ಹೋಗುತ್ತೆ. ತಿಳೀತಾ?”

“ತಿಳೀತು. ಈ ವರ್ಷ ಒಂದು ಹೊಡೆದು, ಮುಂದಿನ ವರ್ಷದಿಂದ…”

“ಗೌಡ್ರೇ!”

ಫೋನು ಯಾರೋ ಕಸಿದುಕೊಂಡ ಸದ್ದು. ರಂಗಮ್ಮನ ದನಿ. “ಡಾಕ್ಟ್ರೇ, ನೀವು ಕೂಗಬೇಡಿ, ನಿಮ್ಮ ಆರೋಗ್ಯ ನೋಡ್ಕೊಳ್ಳಿ. ಪಂಪು ಇಲ್ಲ. ಇವ್ರು ಮಂಗಳೂರಲ್ಲಿ ಮಲಗಿದ್ದಾಗ್ಲೇ ಮಾರಿದೆ, ಡ್ರಮ್ಮು ಸಮೇತ.”

ಹಿಂದಿನಿಂದ ಗೌಡರ ಕೂಗು ಕೇಳಿಸಿತು. “ಮಾರಿದ್ಯಾ? ಯಾರನ್ನ ಕೇಳಿ ಮಾರಿದೆ?”

“ಆಳುಗಳನ್ನ ಕೇಳಿ,” ಎಂದು ರಂಗಮ್ಮ ಫೋನಿಟ್ಟರು.